ನಾಲ್ಕನೆಯವಳ ಉತ್ತರ

ಯಾರಿಗೂ ಹೇಳದ ಒಂದು ಸಣ್ಣ ಅಳುಕು ನನ್ನಲ್ಲಿದೆ. ನಾನು ಇಂಗ್ಲಿಷ್ ಕಲಿಸುತ್ತೇನೆ. ಆದರೆ ಇಂಗ್ಲಿಷಿನಲ್ಲಿ ನನ್ನದೇ ಎನ್ನುವ ಒಂದು ಮಾತನ್ನೂ ಇದುವರೆಗೆ ಯಾರೊಡನೆಯೂ ಆಡಿಲ್ಲ. ಆಡಿದ್ದೆಲ್ಲ ಉದಾಹರಣೆಗಳು. ಹುಡುಗ ಚೆಂಡನ್ನು ಒದೆಯುತ್ತಾನೆ, ಚೆಂಡು ಹುಡುಗನಿಂದ ಒದೆಯಲ್ಪಡುತ್ತದೆ. ಆ ಹುಡುಗನೂ ಎಲ್ಲಿಯೂ ಇಲ್ಲ, ಚೆಂಡೂ ಇಲ್ಲ. ಪದವಿ ಪರೀಕ್ಷೆಯಲ್ಲಿ ಅಂಕಗಳು ಚೆನ್ನಾಗಿಯೇ ಬಂದಿದ್ದವು. ಸಂದರ್ಶನದ ಕೋಣೆಗಳಲ್ಲಿ ಮಾತ್ರ, ಮೇಜಿನ ಆಚೆಯಿಂದ ಪ್ರಶ್ನೆ ಬಂದೊಡನೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಹೇಳಬೇಕಾಗಿದ್ದ ಉತ್ತರ ಮನೆಗೆ ಬಂದ ಮೇಲೆ ದಿನಚರಿಯಲ್ಲಿ ಸರಾಗವಾಗಿ ಇಳಿಯುತ್ತಿತ್ತು.

"ಡಿಗ್ರಿ ಮಾಡಿದ ಬಾಯಿ, ತೆಗೆಯೋಕೆ ಸ್ಕ್ರೂಡ್ರೈವರ್ ಬೇಕು," ಎಂದು ಚಿಕ್ಕಮ್ಮ ನಗುತ್ತಿದ್ದಳು.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅವಳು. ಕೆಲಸ ಮಾಡುವುದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ, ದಿಂಬಿನ ಚೀಲ, ಟವಲುಗಳು ಲಾರಿಯಲ್ಲಿ ಬಂದು ಇಳಿಯುತ್ತವೆ; ಒಗೆದು, ಒಣಗಿಸಿ, ಇಸ್ತ್ರಿಯಾಗಿ, ಮಡಿಸಿಕೊಂಡು ಮತ್ತೆ ಲಾರಿ ಹತ್ತುತ್ತವೆ. ಮುಂದುಗಡೆ ಗೇಟು, ಆಮೇಲೆ ಒಗೆಯುವ ಹಾಲ್, ಅದರಾಚೆ ಇಸ್ತ್ರಿ ರೋಲರುಗಳು, ಅದರಾಚೆ ಮಡಿಸುವ ಕೋಣೆ. ಎಲ್ಲಕ್ಕಿಂತ ಒಳಗೆ ಒಣಗಿಸುವ ಕೋಣೆ. ಅಲ್ಲಿ ಕಿಟಕಿಯಿಲ್ಲ. ಆಳೆತ್ತರದ ಡ್ರಮ್ಮುಗಳು ಬಿಸಿಗಾಳಿ ಕುಡಿದು ದಿನವಿಡೀ ತಿರುಗುತ್ತಿರುತ್ತವೆ. ಬಟ್ಟೆಯಿಂದ ಉದುರುವ ಬೂದುಬಣ್ಣದ ನೂಲುಧೂಳು ಗೋಡೆ, ಕೊಳವೆ, ತಂತಿಗಳ ಮೇಲೆಲ್ಲ ನವಿರಾಗಿ ಕೂತಿರುತ್ತದೆ. ಹೆಂಗಸರು ಅದನ್ನು ಅಜ್ಜಿಕೂದಲು ಎನ್ನುತ್ತಾರೆ. ಗುಡಿಸಿದಷ್ಟೂ ಬರುತ್ತದೆ. ಒಂದು ಕಿಡಿ ತಗುಲಿದರೆ ಎಣ್ಣೆಬತ್ತಿಗಿಂತ ಬೇಗ ಹತ್ತಿಕೊಳ್ಳುತ್ತದೆ.

ಚಿಕ್ಕಮ್ಮನ ಜಾಗ ಅಲ್ಲೇ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆಗಳೆಲ್ಲ ಬೂದು. ನಾನು ಹಿಂದೆ ಕೂತು ಅವಳ ತಲೆಯಿಂದ ಅಜ್ಜಿಕೂದಲನ್ನು ಬಾಚಿ ತೆಗೆಯುತ್ತಿದ್ದೆ. ಬಾಚಣಿಗೆಯಲ್ಲಿ ಸಿಕ್ಕಿದ್ದು ಸುಟ್ಟ ವಾಸನೆ ಹೊಡೆಯುತ್ತಿತ್ತು.

ನನಗೆ ಆ ಲಾಂಡ್ರಿಯಲ್ಲೇ ಕೆಲಸ ಸಿಕ್ಕಿದ್ದು ಹೀಗೆ. ಹೊರದೇಶದ ಒಂದು ಆಸ್ಪತ್ರೆ ಕಂಪನಿ ತನ್ನ ಬಟ್ಟೆಯನ್ನೆಲ್ಲ ಇವರಿಗೆ ಒಪ್ಪಿಸುವುದರಲ್ಲಿತ್ತು. ಅದಕ್ಕೆ ಮುಂಚೆ ಅವರ ಕಡೆಯ ಮೇಡಂ ಒಬ್ಬರು ತಪಾಸಣೆಗೆ ಬರುತ್ತಾರೆ. ಕೆಲಸದವರನ್ನು ನೇರವಾಗಿ ಮಾತಾಡಿಸುತ್ತಾರೆ. ಲಾಂಡ್ರಿಯ ಕಡೆಯ ದುಭಾಷಿ ನಡುವೆ ಬರಕೂಡದು. ಹಾಗಾಗಿ ಕೆಲಸದವರಿಗೇ ಸ್ವಲ್ಪ ಇಂಗ್ಲಿಷ್ ಬರಬೇಕಿತ್ತು. "ನಮ್ಮಕ್ಕನ ಮಗಳಿದ್ದಾಳೆ ಸಾರ್, ಇಂಗ್ಲಿಷ್ ಅಂದ್ರೆ ನೀರು ಕುಡಿದ ಹಾಗೆ," ಎಂದು ಚಿಕ್ಕಮ್ಮ ಮ್ಯಾನೇಜರ ಹತ್ತಿರ ಹೇಳಿಬಂದಿದ್ದಳು.

ಕೆಲಸ ಮುಗಿದ ಮೇಲೆ, ಮಡಿಸುವ ಕೋಣೆಯ ಉದ್ದನೆಯ ಮೇಜಿನ ಸುತ್ತ ಪಾಠ. ಮ್ಯಾನೇಜರು ಆರಿಸಿದ್ದು ಐವರನ್ನು. ಮೊದಲನೆಯವಳು ರೋಲರ್ ಅಕ್ಕ, ಗಂಭೀರ ಹೆಂಗಸು. ಎರಡನೆಯವಳು ಚಿಕ್ಕಮ್ಮನ ಜೊತೆ ಒಣಗಿಸುವ ಕೋಣೆಯಲ್ಲಿರುವ ಹುಡುಗಿ. ಮದುವೆಯಾಗಿ ಎಷ್ಟು ಕಾಲವಾದರೂ ಅವಳಿಗೆ ಹೊಸ ಸೊಸೆ ಎಂಬ ಹೆಸರು ಹೋಗಿರಲಿಲ್ಲ. ಮೂರನೆಯವಳು ಕಿವಿ ಸ್ವಲ್ಪ ಮಂದವಾದ ದೊಡ್ಡಮ್ಮ. ನಾಲ್ಕನೆಯವಳು ಚಿಕ್ಕಮ್ಮ. ಐದನೆಯವಳು ರೇಡಿಯೋ. ಆಫ್ ಮಾಡಲು ಬಾರದ್ದರಿಂದ ಆ ಹೆಸರು.

ಮೊದಮೊದಲು ಚೆನ್ನಾಗಿತ್ತು. ಅವರ ಕೈಕೆಲಸದ ಕ್ರಿಯಾಪದಗಳನ್ನೇ ತೆಗೆದುಕೊಂಡೆ. ವಾಶ್, ವಾಶ್ಡ್. ಫೋಲ್ಡ್, ಫೋಲ್ಡೆಡ್. ಇವತ್ತು ಮಾಡುವುದು, ನಿನ್ನೆ ಮಾಡಿದ್ದು, ಆಗಲೇ ಮಾಡಿ ಮುಗಿಸಿದ್ದು. ಗಾಳಿಯಲ್ಲಿ ಕೈಯಾಡಿಸಿ ಮಡಿಸುತ್ತ ಹೇಳುತ್ತಿದ್ದರು. ನನ್ನ ಧ್ವನಿ ಮೇಜಿನ ಆ ತುದಿಗೆ ಮುಟ್ಟುತ್ತಿರಲಿಲ್ಲ. ರೇಡಿಯೋ ಅದನ್ನು ಹಿಡಿದು ದೊಡ್ಡಮ್ಮನ ಕಿವಿಗೆ ಮರುಪ್ರಸಾರ ಮಾಡುತ್ತಿದ್ದಳು.

"ಟೀಚರಮ್ಮ, ಎಲ್ಲದಕ್ಕೂ ಡ್ ಹಚ್ಚಿದ್ರೆ ನಿನ್ನೇದಾಗತ್ತೆ ಅಂದ್ರಿ. ಈ ಗೋ ಯಾಕೆ ವೆಂಟ್ ಆಯ್ತು?" ಎಂದು ಕೇಳಿದಳು ರೇಡಿಯೋ.

"ಅದು ಹಾಗೇ," ಎಂದೆ.

"ಮದುವೆಯಾಗಿ ಮನೆತನ ಬದಲಾಯಿಸಿಕೊಂಡಿರಬೇಕು ಬಿಡಿ. ನಮ್ಮ ಹೊಸ ಸೊಸೆ ಥರ. ತವರಿನ ಗುರುತೇ ಇಲ್ಲ."

ಹೊಸ ಸೊಸೆ ನಾಚಿ ತಲೆ ತಗ್ಗಿಸಿದಳು. ಕರ್ತರಿ, ಕರ್ಮಣಿ ಪ್ರಯೋಗಕ್ಕೆ ಬಂದಾಗ ರೇಡಿಯೋ ಒಂದೇ ಕ್ಷಣದಲ್ಲಿ ಅರ್ಥಮಾಡಿಕೊಂಡಳು. "ನಮ್ಮನೇಲಿ ದಿನಾ ಇದೇ ನಡೆಯೋದು. ಲೋಟ ಒಡೆದಿರತ್ತೆ. ಒಡೆದವನು ಮಾತ್ರ ಸಿಗಲ್ಲ."

ಒಂದು ದಿನ ಚಿಕ್ಕಮ್ಮ ಇದ್ದಕ್ಕಿದ್ದಂತೆ ಕೇಳಿದಳು, "ಸರಪಳಿ ಹಾಕೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಮಗಾ?"

"ಚೈನ್. ನಿನ್ನೆ ಹಾಕಿದ್ರೂ, ಹಾಕಿ ಆಗಿದ್ರೂ, ಚೈನ್ಡ್."

ಯಾರೂ ಅದನ್ನು ಒಪ್ಪಿಸಲಿಲ್ಲ. ಎಲ್ಲರ ಕಣ್ಣೂ ಒಣಗಿಸುವ ಕೋಣೆಯ ಕಡೆಗೆ ಒಮ್ಮೆ ಹೊರಳಿ ಮೇಜಿಗೆ ಮರಳಿತು. ಗೋಡೆಯಾಚೆ ಡ್ರಮ್ಮುಗಳ ಗುಡುಗುಡು ನಿಂತಿರಲಿಲ್ಲ. ನಾನು ಒರಗಿದ್ದ ಗೋಡೆ ಬೆಚ್ಚಗಿತ್ತು, ಜ್ವರ ಬಂದವರ ಬೆನ್ನಿನ ಹಾಗೆ.

ಆ ಕೋಣೆಗೊಂದು ಹಿಂಬಾಗಿಲಿದೆ, ಅದು ಹಿಂದಿನ ಓಣಿಗೆ ತೆರೆಯುತ್ತದೆ ಎಂದು ನನಗೆ ತಿಳಿದದ್ದು ಆವತ್ತು, ಮನೆಗೆ ನಡೆಯುತ್ತಿರುವಾಗ. ಯಾವಾಗಲೋ ಟವಲುಗಳು ಕಳುವಾದವಂತೆ. ಅಂದಿನಿಂದ ಬಾಗಿಲಿಗೆ ಹೊರಗಿನಿಂದ ಸರಪಳಿ ಬಿಗಿದು ಬೀಗ ಹಾಕಿದ್ದಾರೆ. ಕೀಲಿ ಮುಂದಿನ ಗೇಟಿನ ಕಾವಲುಗಾರನ ಸೊಂಟದಲ್ಲಿ. ಬಾಗಿಲ ಮೇಲೆ ಹಸಿರು ದೀಪ ಮಾತ್ರ ಯಾವಾಗಲೂ ಉರಿಯುತ್ತಿರುತ್ತದೆ, ದಾರಿ ಇಲ್ಲಿದೆ ಎಂದು.

"ಯಾರೂ ಕೇಳಲ್ವಾ?"

"ಕೇಳಿದವರು ಈಗ ಬೇರೆ ಕಡೆ ಕೆಲಸ ಹುಡುಕ್ತಿದ್ದಾರೆ," ಎಂದಳು ಚಿಕ್ಕಮ್ಮ.

ಅದಾದ ಸ್ವಲ್ಪ ದಿನಕ್ಕೆ ಮ್ಯಾನೇಜರು ಪಾಠಕ್ಕೆ ಬಂದರು. ಮೆತ್ತಗಿನ ಮಾತಿನ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. "ನೀವು ಚೆನ್ನಾಗಿ ಕಲಿಸ್ತಿದ್ದೀರಂತೆ. ಸಂತೋಷ. ಆದ್ರೆ ಸಮಯ ಕಡಿಮೆ ನೋಡಿ. ಆ ಮೇಡಂ ನಮ್ಮ ಇನ್ನೊಂದು ಲಾಂಡ್ರಿಗೂ ಹೋಗಿದ್ರು. ಸಾಲಾಗಿ ನಿಲ್ಲಿಸಿ ಒಬ್ಬರಿಗೆ ಒಂದೇ ಪ್ರಶ್ನೆ ಕೇಳೋದು. ಅದೇ ಐದು ಪ್ರಶ್ನೆ, ಅದೇ ವರಸೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಂದ್ರೆ ಸಾಕು."

ಉತ್ತರಗಳನ್ನು ಅವರೇ ಹೇಳಿದರು. ನಿನ್ನ ಕೆಲಸವೇನು? ನಾನು ಹಾಸುಬಟ್ಟೆ ಇಸ್ತ್ರಿ ಮಾಡುತ್ತೇನೆ. ನಡುವೆ ವಿಶ್ರಾಂತಿ ಸಿಗುತ್ತದೆಯೇ? ಹೌದು ಮೇಡಂ, ಬೇಕಾದಾಗಲೆಲ್ಲ. ಇಲ್ಲಿ ಎಂದಾದರೂ ಬೆಂಕಿ ಹತ್ತಿದ್ದುಂಟೇ? ಇಲ್ಲ ಮೇಡಂ, ಎಂದೂ ಇಲ್ಲ. ಹಿಂಬಾಗಿಲನ್ನು ತೆರೆಯಲಾಗುತ್ತದೆಯೇ? ಹೌದು ಮೇಡಂ, ಪ್ರತಿ ಬೆಳಿಗ್ಗೆ. ಅಪಾಯದಲ್ಲಿ ಹೊರಗೆ ಹೋಗುವುದು ಹೇಗೆಂದು ನಿಮಗೆ ತೋರಿಸಿಕೊಡಲಾಗಿದೆಯೇ? ಹೌದು ಮೇಡಂ, ವರ್ಷಕ್ಕೆರಡು ಸಲ.

ನಾಲ್ಕನೆಯದು ಚಿಕ್ಕಮ್ಮನ ಪಾಲಿಗೆ ಬಂತು.

ನಾನು ಏನಾದರೂ ಹೇಳಬಹುದಿತ್ತು. ಹೇಳಬೇಕಾದ ವಾಕ್ಯ ತಲೆಯೊಳಗೆ ತಪ್ಪಿಲ್ಲದೆ ನಿಂತಿತ್ತು. ಮ್ಯಾನೇಜರು ನನ್ನತ್ತ ನೋಡಿ ಮುಗುಳ್ನಕ್ಕರು. ನಾನೂ ಮುಗುಳ್ನಕ್ಕೆ.

ಅಂದಿನಿಂದ ಪಾಠವೆಂದರೆ ಅದೇ ಐದು. ಕ್ರಿಯಾಪದಗಳು ಹಿಂದೆ ಸರಿದವು. ಅವರಿಗೆ ಪ್ರಶ್ನೆ ಬೇಕಿರಲಿಲ್ಲ. ಪಕ್ಕದವಳ ಮಾತು ಮುಗಿಯಿತೆಂದರೆ ತನ್ನದನ್ನು ಹೇಳುವುದು, ಅಷ್ಟೇ. ದೊಡ್ಡಮ್ಮನಿಗಂತೂ ಪ್ರಶ್ನೆ ಕೇಳಿಸುತ್ತಲೇ ಇರಲಿಲ್ಲ. ಹೊಸ ಸೊಸೆಯ ತುಟಿ ನಿಂತದ್ದನ್ನು ನೋಡಿ "ನೋ ಮೇಡಂ, ನೆವರ್" ಎನ್ನುತ್ತಿದ್ದಳು. ಚಿಕ್ಕಮ್ಮ ಶ್ರದ್ಧೆಯವಳು. ತರಕಾರಿ ಹೆಚ್ಚುವಾಗ, ನಲ್ಲಿಯ ಮುಂದೆ ಕೊಡ ತುಂಬುವಾಗ, ಮೆಟ್ಟಿಲು ಹತ್ತುವಾಗ ಹೇಳಿಕೊಳ್ಳುತ್ತಿದ್ದಳು. "ಎಸ್ ಮೇಡಂ, ಎವ್ರಿ ಮಾರ್ನಿಂಗ್." ಒಮ್ಮೆ ರಜೆಯ ದಿನ ಮಧ್ಯಾಹ್ನದ ನಿದ್ದೆಯಲ್ಲೂ ಅಂದಳು. ನನಗೆ ನಗು ಬರಬೇಕಿತ್ತು. ಕೈಯಲ್ಲಿದ್ದ ಬಾಚಣಿಗೆಯನ್ನು ಸುಮ್ಮನೆ ಕೆಳಗಿಟ್ಟೆ.

ತಪಾಸಣೆಗೆ ಇನ್ನೇನು ಕೆಲವೇ ದಿನಗಳಿದ್ದವು. ಪಾಠಕ್ಕೆಂದು ಸ್ವಲ್ಪ ಬೇಗ ಹೋಗಿ ಮಡಿಸುವ ಕೋಣೆಯಲ್ಲಿ ಕೂತಿದ್ದೆ. ವಾಸನೆ ಮೊದಲು ಬಂತು. ಇಸ್ತ್ರಿ ಹೆಚ್ಚಾದಾಗಿನ ವಾಸನೆಯಲ್ಲ, ಕೂದಲು ಸುಟ್ಟಂಥದ್ದು. ಒಣಗಿಸುವ ಕೋಣೆಯ ಕಡೆಯಿಂದ ಹೊಗೆ ನೆಲದ ಮೇಲೆ ತೆವಳಿಕೊಂಡು ಬಂದು ನನ್ನ ಕಾಲಬೆರಳುಗಳನ್ನು ಮುಟ್ಟಿತು. ರೇಡಿಯೋ ಬೆಂಕಿ ಬೆಂಕಿ ಎಂದು ಅರಚುತ್ತ ರೋಲರುಗಳ ನಡುವಿನಿಂದ ಎಲ್ಲರನ್ನೂ ಮುಂದಕ್ಕೆ ತಳ್ಳಿದಳು. ಗೇಟಿನ ಹತ್ತಿರ ಬಿಸಿಲಲ್ಲಿ ನಿಂತು ತಲೆ ಎಣಿಸಿದರು. ಚಿಕ್ಕಮ್ಮ ಇರಲಿಲ್ಲ, ಹೊಸ ಸೊಸೆಯೂ ಇರಲಿಲ್ಲ.

ಗಂಡಸರು ಬಕೆಟ್ಟುಗಳೊಂದಿಗೆ ಒಳಗೆ ನುಗ್ಗಿದ್ದರು. ನಾನು ನಿಂತಲ್ಲೇ ನಿಂತಿದ್ದೆ. ಕೂಗಬೇಕೆಂದರೆ ಬಾಯಿ ತೆರೆಯಲಿಲ್ಲ. ಕೊನೆಗೆ ಹೊಗೆಯೊಳಗಿಂದ ಹೊಸ ಸೊಸೆ ಹೊರಬಂದಳು. ಒಂದು ಕೈಯಲ್ಲಿ ಚಿಕ್ಕಮ್ಮನ ರಟ್ಟೆ ಹಿಡಿದಿದ್ದಳು. ಇನ್ನೊಂದು ಕೈಯನ್ನು ಮೈಯಿಂದ ದೂರ ಹಿಡಿದಿದ್ದಳು, ತನ್ನದಲ್ಲವೆನ್ನುವ ಹಾಗೆ. ಉರಿಯುತ್ತಿದ್ದ ಡ್ರಮ್ಮಿನ ಬಾಗಿಲು ದಾರಿಗೆ ಅಡ್ಡ ಬಂದಿತ್ತಂತೆ. ಅದನ್ನು ಬರಿಗೈಯಲ್ಲಿ ತಳ್ಳಿದ್ದಳು.

ಬೆಂಕಿ ಆರಿತು. ಮರುದಿನ ಗೋಡೆಗೆ ಸುಣ್ಣ ಬಳಿದರು. ಹೊಸ ಸೊಸೆಗೆ ಕೈ ಮಾಗುವವರೆಗೆ ಮನೆಯಲ್ಲೇ ಇರಲು ಹೇಳಿದರು. ಬ್ಯಾಂಡೇಜು ಮೇಡಂ ಕಣ್ಣಿಗೆ ಬೀಳಬಾರದು.

ಬೆಂಕಿ ಬಿದ್ದ ದಿನದ ಸಂಜೆಯೇ ಚಿಕ್ಕಮ್ಮನ ತಲೆ ತೊಳೆದೆ. ಬಿಸಿನೀರು ಕಪ್ಪಾಗಿ ಹರಿಯಿತು.

"ನಾನು ಎಲ್ಲಿಗೆ ಓಡಿದೆ ಗೊತ್ತಾ?" ಎಂದಳು ಕೊನೆಗೆ. "ಹಿಂಬಾಗಿಲಿಗೆ."

ಚೊಂಬು ನನ್ನ ಕೈಯಲ್ಲೇ ಉಳಿಯಿತು.

"ಆ ಸರಪಳಿ ಹಾಕಿದ ದಿನ ನಾನೇ ಅಲ್ಲಿ ನಿಂತು ನೋಡಿದವಳು. ಇಷ್ಟು ವರ್ಷ ಅದರ ಪಕ್ಕದಲ್ಲೇ ದುಡಿದವಳು. ಆದ್ರೂ ಹೊಗೆ ಮುಚ್ಚಿಕೊಂಡಾಗ ಹಸಿರು ದೀಪ ಕಾಣ್ತು ನೋಡು, ಬಾಗಿಲು ತೆಗೆದೇ ಇದೆ ಅಂತ ಖಾತ್ರಿ ಇತ್ತು ನಂಗೆ. ಬೆಳಿಗ್ಗೆ ತೆಗೆದಿದ್ದಾರಲ್ಲ ಅಂತ. ದಿನಾ ತೆಗೀತಾರಲ್ಲ ಅಂತ. ತಳ್ಳಿದೆ, ತಳ್ಳಿದೆ. ಅದು ಒಂದು ಬೆರಳಷ್ಟು ತೆರೀತು, ಸರಪಳಿ ಸದ್ದು ಮಾಡ್ತು. ಆಗಲೂ ನಂಬಿಕೆ ಬರ್ಲಿಲ್ಲ. ಆ ಹುಡುಗಿ ಬಂದು ಎಳೀದೇ ಇದ್ರೆ ತಳ್ತಾನೇ ಇರ್ತಿದ್ದೆ." ಒದ್ದೆ ಕೂದಲಿನ ಕೆಳಗಿನಿಂದ ಸಣ್ಣಗೆ ನಕ್ಕಳು. "ಬಾಯಿ ಹೇಳಿದ್ದನ್ನ ಕಾಲು ನಂಬಿಬಿಡ್ತು ಕಣೇ. ನೀನು ಅಷ್ಟು ಚೆನ್ನಾಗಿ ಕಲಿಸಿದ್ದೀಯ."

ಅದು ಹೊಗಳಿಕೆಯೆಂದೇ ಅವಳು ಹೇಳಿದ್ದು.

"ಚಿಕ್ಕಮ್ಮ, ಆ ಮೇಡಂಗೆ ಹೇಳಿಬಿಡೋಣ."

"ಹೇಳಿ? ಅವರು ಮೂಗು ಮುರಿದು ವಿಮಾನ ಹತ್ತುತ್ತಾರೆ. ಇವರು ನಮಗೆ ಗೇಟು ತೋರಿಸ್ತಾರೆ. ಅಷ್ಟು ಮನೆಗಳ ಒಲೆ ಆರತ್ತೆ. ಈ ಕಂಪನಿ ಬಂದ್ರೆ ನನ್ನನ್ನ ಮಡಿಸೋ ಕೋಣೆಗೆ ಬದಲಾಯಿಸ್ತೀನಿ ಅಂದಿದ್ದಾರೆ. ಬಾಯಿ ಮುಚ್ಚಿಕೊಂಡಿರು. ಅದು ನಿಂಗೆ ಕಷ್ಟ ಅಲ್ಲವಲ್ಲ."

"ನಿನ್ನ ಜಾಗಕ್ಕೆ ಯಾರು ಬರ್ತಾರೆ?"

"ಯಾರೋ ಬರ್ತಾರೆ," ಎಂದು ಟವಲಿನಿಂದ ಮುಖ ಮುಚ್ಚಿ ಒರೆಸಿಕೊಂಡಳು. ಒರೆಸುವುದು ಬೇಗ ಮುಗಿಯಲಿಲ್ಲ.

ಅಂದು ದಿನಚರಿಯಲ್ಲಿ ಏನೂ ಬರೆಯಲಾಗಲಿಲ್ಲ. ಬರೆದರೆ ಹೇಳಿದಂತಾಗಿಬಿಡುತ್ತದೆ, ಹೇಳುವ ಕೆಲಸ ಮುಗಿದುಹೋಯಿತೆಂದು ನಾನು ಮಲಗಿಬಿಡುತ್ತೇನೆ ಎಂಬುದು ನನಗೆ ಗೊತ್ತಿತ್ತು. ಇದುವರೆಗೂ ಹಾಗೆಯೇ ಬದುಕಿದ್ದೆ.

ತಪಾಸಣೆಯ ದಿನ ಲಾಂಡ್ರಿ ಗುರುತು ಸಿಗದಂತಾಗಿತ್ತು. ಹೂಕುಂಡಗಳು, ಹೊಸ ಬಕೆಟ್ಟುಗಳು. ಒಣಗಿಸುವ ಕೋಣೆಯ ಹೊಸ್ತಿಲಿಗೆ ಬಂದು ನಿಂತುಬಿಟ್ಟೆ. ಹಿಂಬಾಗಿಲು ಪೂರ್ತಿ ತೆರೆದಿತ್ತು. ಓಣಿಯ ಬಿಸಿಲು ನೆಲದ ಮೇಲೆ ಚಾಪೆ ಹಾಸಿದಂತೆ ಬಿದ್ದಿತ್ತು. ಹೆಂಗಸರು ಅದರ ಸುತ್ತ ನಿಂತಿದ್ದರು, ಯಾರೂ ತುಳಿಯದೆ.

"ನೆಲ ಕೆಂಪು ಬಣ್ಣದ್ದಾ?" ಎಂದಳು ದೊಡ್ಡಮ್ಮ. "ನಾನು ಕಪ್ಪು ಅಂದುಕೊಂಡಿದ್ದೆ."

ಸರಪಳಿ ಎಲ್ಲಿಯೂ ಕಾಣಲಿಲ್ಲ. ಬಾಗಿಲಿನ ಹೊರಮೈಯಲ್ಲಿ ಅದು ಉಜ್ಜಿದ ಗುರುತನ್ನು ಹಸಿ ಬಣ್ಣ ಮುಚ್ಚಿತ್ತು.

ಮೇಡಂ ಬಂದರು. ನರೆತ ಕೂದಲು, ದಣಿದ ಕಣ್ಣು, ಸದ್ದಿಲ್ಲದ ಬೂಟು. ಹಿಂಬಾಗಿಲಿನವರೆಗೆ ಹೋಗಿ ಓಣಿಗೆ ಇಣುಕಿ, ತಲೆಯಾಡಿಸಿ ಮರಳಿದರು. ಮಡಿಸುವ ಕೋಣೆಯಲ್ಲಿ ಸೂಪರ್‌ವೈಸರು ನಮ್ಮವರನ್ನು ಸಾಲಾಗಿ ನಿಲ್ಲಿಸಿದ. ರೋಲರ್ ಅಕ್ಕನ ಪಕ್ಕ ಹೊಸ ಸೊಸೆಯ ಜಾಗ ಖಾಲಿ ಇತ್ತು. ಅಭ್ಯಾಸದಿಂದ ಬಿಟ್ಟುಕೊಂಡಿದ್ದರು.

"ಏನಿದು, ಹಲ್ಲು ಬಿದ್ದ ಬಾಯಿ ಥರ," ಎಂದು ಸೂಪರ್‌ವೈಸರು ಪಿಸುಗುಟ್ಟಿದ. "ಒತ್ತಿಕೊಂಡು ನಿಲ್ಲಿ."

ಒತ್ತಿಕೊಂಡು ನಿಂತರು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಆ ತುದಿಯಲ್ಲಿ, ರೇಡಿಯೋ ಪಕ್ಕಕ್ಕಿದ್ದ ನಾನೂ ಅವಳು ಬಿಟ್ಟ ಜಾಗಕ್ಕೆ ಸರಿದಿದ್ದೆ.

ಏನಾಗಲಿದೆಯೆಂದು ನನಗೆ ಮಾತ್ರ ಕಂಡಿತು. ಅವರು ಪ್ರಶ್ನೆಗೆ ಉತ್ತರ ಕಲಿತವರಲ್ಲ, ಸರದಿಗೆ ಉತ್ತರ ಕಲಿತವರು. ನಿಲ್ಲಿ ಎನ್ನಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

ನಿನ್ನ ಕೆಲಸವೇನೆಂದು ಮೇಡಂ ಕೇಳಿದರು. ರೋಲರ್ ಅಕ್ಕ ತಪ್ಪಿಲ್ಲದೆ ಹೇಳಿದಳು. ಮ್ಯಾನೇಜರು ಹಿಂದೆ ನಿಂತು ಕೈಕಟ್ಟಿ ಮುಗುಳ್ನಗುತ್ತಿದ್ದರು.

ನಡುವೆ ವಿಶ್ರಾಂತಿ ಸಿಗುತ್ತದೆಯೇ?

ದೊಡ್ಡಮ್ಮ ರೋಲರ್ ಅಕ್ಕನ ತುಟಿ ನಿಂತದ್ದನ್ನು ನೋಡಿದಳು. "ನೋ ಮೇಡಂ, ನೆವರ್," ಎಂದಳು ಗಟ್ಟಿಯಾಗಿ.

ಮೇಡಂ ತಲೆಯೆತ್ತಿದರು. ಮುಂದಿನದನ್ನು ನಿಧಾನವಾಗಿ ಕೇಳಿದರು. ಇಲ್ಲಿ ಎಂದಾದರೂ ಬೆಂಕಿ ಹತ್ತಿದ್ದುಂಟೇ?

ಚಿಕ್ಕಮ್ಮ ಸೆರಗು ಸರಿಪಡಿಸಿಕೊಂಡಳು. ತರಕಾರಿ ಹೆಚ್ಚುವಾಗಿನ, ಕೊಡ ತುಂಬುವಾಗಿನ ಅದೇ ಶ್ರದ್ಧೆಯಿಂದ, "ಎಸ್ ಮೇಡಂ, ಎವ್ರಿ ಮಾರ್ನಿಂಗ್," ಎಂದಳು.

ಹಿಂಬಾಗಿಲನ್ನು ತೆರೆಯಲಾಗುತ್ತದೆಯೇ?

"ಎಸ್ ಮೇಡಂ," ಎಂದಳು ರೇಡಿಯೋ, ಎಂದಿನ ಉತ್ಸಾಹದಲ್ಲಿ. "ಟ್ವೈಸ್ ಎ ಇಯರ್."

ಮ್ಯಾನೇಜರು ನಕ್ಕರು. ಪಾಪ, ಹೆದರಿ ಹಿಂದುಮುಂದಾಗಿ ಹೇಳುತ್ತಿದ್ದಾರೆ ಎಂದು ತಮ್ಮ ನಯವಾದ ಇಂಗ್ಲಿಷಿನಲ್ಲಿ ವಿವರಿಸಿದರು. ಸುಳ್ಳೇನೂ ಅಲ್ಲ, ಹಿಂದುಮುಂದಾಗಿಯೇ ಇತ್ತು. ಮೇಡಂ ಮುಖದಲ್ಲೂ ನಗು ಮೂಡತೊಡಗಿತು. ಕೆಲಸ ಮುಗಿಸಿ ಹೊರಡುವವರ ನಗು. ಇನ್ನೊಂದು ಗಳಿಗೆಯಲ್ಲಿ ಅವರು ಗೇಟು ದಾಟುತ್ತಾರೆ. ಸಂಜೆಯೊಳಗೆ ಸರಪಳಿ ಬಾಗಿಲಿಗೆ ಮರಳುತ್ತದೆ. ಚಿಕ್ಕಮ್ಮ ಇರಲಿ, ಇನ್ಯಾರೋ ಇರಲಿ, ಒಬ್ಬಳು ಹಸಿರು ದೀಪದ ಕೆಳಗೆ ನಿಂತು ತಳ್ಳುತ್ತಲೇ ಇರುತ್ತಾಳೆ.

ಆದರೆ ಐದನೆಯ ಪ್ರಶ್ನೆ ಉಳಿದಿತ್ತು. ಮೇಡಂ ಒಂದು ಹೆಜ್ಜೆ ಸರಿದು ಸಾಲಿನ ಕೊನೆಗೆ ಬಂದರು. ನನ್ನ ಮುಂದೆ.

"ಇವರು ಕೆಲಸದವರಲ್ಲ, ಟೀಚರ್," ಎಂದರು ಮ್ಯಾನೇಜರು.

ಹಾಗಾದರೆ ಇನ್ನೂ ಒಳ್ಳೆಯದಾಯಿತು ಎಂದು ಮೇಡಂ ನನ್ನ ಕಡೆಗೇ ನೋಡುತ್ತ ಅಂದರು. ನೀವೇ ಹೇಳಿ, ಇವರು ಹೇಳಬೇಕೆಂದುಕೊಂಡಿದ್ದು ಏನು?

ಮೇಜಿನಾಚೆಯ ಪ್ರಶ್ನೆಗಳೆಲ್ಲ ಒಟ್ಟಿಗೆ ಬಂದು ನಿಂತಂತಾಯಿತು. ನಾಲಿಗೆ ಅಂಗುಳಿಗೆ ಅಂಟಿತು. ಚಿಕ್ಕಮ್ಮ ತಲೆಯನ್ನು ಬಲು ಸಣ್ಣಗೆ ಅಡ್ಡಡ್ಡ ಆಡಿಸಿದಳು, ಬೇಡ ಎಂದು. ಅವಳ ಎಡಹುಬ್ಬಿನ ಮೇಲೆ ಅಜ್ಜಿಕೂದಲಿನ ಒಂದು ಎಳೆ ಉಳಿದಿತ್ತು. ನಾನು ಬಾಚುವಾಗ ತಪ್ಪಿಹೋದದ್ದು. ಅವಳು ಉಸಿರಾಡಿದಂತೆಲ್ಲ ಅದು ಅಲುಗುತ್ತಿತ್ತು.

"ದಿ ಬ್ಯಾಕ್ ಡೋರ್ ಈಸ್ ಚೈನ್ಡ್," ಎಂದೆ. ನನ್ನ ಧ್ವನಿ ಕೋಣೆಯ ಆ ತುದಿಗೆ ಮುಟ್ಟಿತು. ದೊಡ್ಡಮ್ಮ ತಿರುಗಿ ನೋಡಿದಳು. "ಎವ್ರಿ ಡೇ. ನಾಟ್ ಟುಡೇ."